ಎಲ್ಲಿ ನೋವೋ ಅಲ್ಲಿ ನಿಲ್ಲಿಸಿ

ಹೆಂಡತಿಯ ಜುಟ್ಟು ಕಟ್ಟುವಾಗ ಲೈಲ್ ಉಸಿರು ಬಿಗಿಹಿಡಿಯುತ್ತಾನೆ. ಎರಿ ಸರೋವರದ ದಡದಲ್ಲಿ ಮೂವತ್ತು ವರ್ಷ ಮೀನಿನ ಬಲೆಗೆ ಗಂಟು ಹಾಕಿದ ಮನುಷ್ಯ. ಆದರೂ ಬೆಳಗಾದರೆ ಈ ಒಂದು ಹಿಡಿ ನರೆಗೂದಲು ಅವನನ್ನು ಹೆದರಿಸುತ್ತದೆ. ನಡೀನ್ ಅಡುಗೆಮನೆಯ ಕುರ್ಚಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂತಿದ್ದಳು, ಬಲಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಎತ್ತಿದರೆ ಆ ಕೈ ಏರುವುದಿಲ್ಲವೆಂದಲ್ಲ, ಏರುತ್ತದೆ. ಆದರೆ ಏರಿದ ಮೇಲೆ ಎರಡು ದಿನ ಕಾಫಿ ಲೋಟವನ್ನೂ ಹಿಡಿಯಗೊಡದೆ ಸೇಡು ತೀರಿಸಿಕೊಳ್ಳುತ್ತದೆ. ಕಳೆದ ವಾರ ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು ಬಂದು ಮೇಲಿನ ಹಲಗೆಯಲ್ಲಿದ್ದ ಹಳದಿ ಥಾನು ಬೇಕೆಂದಿದ್ದಳು. ನಡೀನ್ ಅದರ ಕೆಳಗೆ ನಿಂತು ಕೈ ಎತ್ತಲೋ ಬೇಡವೋ ಎಂದು ಯೋಚಿಸುತ್ತಿರುವಷ್ಟರಲ್ಲಿ ಅಜ್ಜಿಯೇ ಸ್ಟೂಲು ಎಳೆದು, ಹತ್ತಿ, ಥಾನನ್ನು ಇಳಿಸಿಕೊಂಡು, "ಪಾಪ, ನಿಂಗೂ ವಯಸ್ಸಾಯ್ತು ಮಗಾ" ಎಂದು ಕೆನ್ನೆ ತಟ್ಟಿ ಹೋಗಿದ್ದಳು. ಐವತ್ತೆಂಟಕ್ಕೆ! ಲೈಲ್‌ಗೆ ಹೇಳಿದಾಗ ಅವನು ಊಟದ ಮೇಜಿನಿಂದ ಎದ್ದು ಹೊರಗೆ ಹೋಗಿ ನಕ್ಕು ಬಂದ. ಅವಳೂ ನಕ್ಕಳು. ನಗುವುದೇನೋ ಸುಲಭವಾಗಿತ್ತು.

"ಇವತ್ತಾದ್ರೂ ನೆಟ್ಟಗೆ ಕಟ್ಟು ಮಾರಾಯ, ಸರಕಾರದವರ ಮುಂದೆ ಹೋಗ್ತಿದೀನಿ."

"ಸೊಟ್ಟಗಿದ್ರೇನೇ ಒಳ್ಳೇದಲ್ವಾ? ಕೈ ಆಗಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ."

"ಕಟ್ಟಿದ್ದು ಗಂಡ ಅಂತ ಹಣೆ ಮೇಲೆ ಬರ್ಕೊಂಡು ಹೋಗ್ಲಾ?"

"ಬರ್ಕೋ. ನಂಗೂ ಸ್ವಲ್ಪ ಹೆಸರು ಬರಲಿ."

ಹೊರಗೆ ಕ್ಲೈಡ್‌ನ ಗಾಡಿ ಹಾರ್ನ್ ಮಾಡಿತು. ಒಂದು ಸಲವಲ್ಲ, ಮೂರು ಸಲ, ಹಡಗು ಬಂದರಿಗೆ ಬಂದಾಗ ಮಾಡುವ ಹಾಗೆ. ಕ್ಲೈಡ್ ಮೆಂಡೆನ್‌ಹಾಲ್ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನು. ಈಗ ಕೌಂಟಿಯ, ಎಂದರೆ ಜಿಲ್ಲೆಯ, ಕಚೇರಿಯಲ್ಲಿ ಕೂತು ಮಾಜಿ ಸೈನಿಕರ ಅರ್ಜಿಗಳನ್ನು ಬರೆದುಕೊಡುತ್ತಾನೆ. ಭುಜದ ಚಿಕಿತ್ಸೆಯ ಖರ್ಚನ್ನು ಸರಕಾರ ಕೊಡಲಿ ಎಂಬ ನಡೀನ್‌ಳ ಅರ್ಜಿ ಒಮ್ಮೆ ತಿರಸ್ಕಾರವಾಗಿತ್ತು. ಕಾರಣ ಒಂದೇ ಸಾಲು: ಸೇನೆಯಲ್ಲಿದ್ದಾಗ ಈ ಭುಜಕ್ಕೆ ಪೆಟ್ಟಾಗಿತ್ತು ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಅವಳಿಗೆ ಸಿಟ್ಟು ಬರಲಿಲ್ಲ. ದಾಖಲೆ ಇರಲಿಲ್ಲವೆಂಬುದು ಸತ್ಯವೇ ಆಗಿತ್ತು. ದಾಖಲೆ ಇರದ ಹಾಗೆ ನೋಡಿಕೊಂಡವಳು ಅವಳೇ. ಕ್ಲೈಡ್ ಬಿಡಲಿಲ್ಲ. ಕಂಡವರು ಯಾರಾದರೂ ಬರೆದುಕೊಟ್ಟರೆ ಅದೂ ದಾಖಲೆಯೇ ಎಂದ. ಜೊತೆಗಿದ್ದವರು ಯಾರು, ಹೆಸರು ಹೇಳು, ಹೇಳು ಎಂದು ಪೀಡಿಸಿ ಪೀಡಿಸಿ, ಕೊನೆಗೊಂದು ದಿನ ಅವಳ ಬಾಯಿಂದ ಒಂದು ಹೆಸರು ಬೀಳಿಸಿದ. ಸಾರ್ಜೆಂಟ್ ಹಾಲಿಸ್ ಟ್ರೂಯೆಟ್. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡಳು. ಅವರು ತೀರಿಹೋಗಿರಬಹುದು ಎಂದು ಸಮಾಧಾನ ಮಾಡಿಕೊಂಡಳು. ಆಮೇಲೆ, ಛೇ, ಒಬ್ಬ ಒಳ್ಳೆಯ ಮನುಷ್ಯ ಸತ್ತಿರಲಿ ಎಂದುಕೊಳ್ಳುವ ಮಟ್ಟಕ್ಕೆ ಬಂದೆನಲ್ಲ ಎಂದು ನಾಚಿಕೊಂಡಳು. ಟ್ರೂಯೆಟ್ ಸತ್ತಿರಲಿಲ್ಲ. ಜಾರ್ಜಿಯಾದಲ್ಲಿ ಪೀಚ್ ಮರಗಳ ನಡುವೆ ಗಟ್ಟಿಯಾಗಿಯೇ ಇದ್ದರು, ಮತ್ತು ಉತ್ತರ ಬರೆದಿದ್ದರು.

"ಹತ್ತಮ್ಮಾ ದಂಡಿನವಳೇ," ಎಂದ ಕ್ಲೈಡ್, ಸೀಟಿನ ಮೇಲಿದ್ದ ಡೋನಟ್ ಡಬ್ಬವನ್ನು ಸರಿಸುತ್ತ. "ನಿನ್ನ ಸಾರ್ಜೆಂಟ್‌ದು ಕಾಗದ ಬಂದಿದೆ. ಶುಕ್ರವಾರವೇ ಬಂತು. ಓದ್ತೀಯಾ?"

"ಬೇಡ."

"ನಾನ್ ಓದ್ಲಾ?"

"ನೀನು ಓದಿಲ್ವಾ?"

"ನಿನ್ ಹೆಸರಿಗೆ ಬಂದಿದ್ದು, ನಾನ್ಯಾಕೆ ಒಡೀಲಿ? ನೌಕಾಪಡೆಯವರಿಗೆ ಮಾನ ಮರ್ಯಾದೆ ಇರುತ್ತಮ್ಮ." ಲಕೋಟೆಯನ್ನು ತೆಗೆದು ಅವಳ ಮೂಗಿನ ಮುಂದೆ ಆಡಿಸಿ ಮತ್ತೆ ಕೋಟಿನ ಜೇಬಿಗೆ ಸೇರಿಸಿದ. "ಇವತ್ತು ಭುಜ ಪರೀಕ್ಷೆ ಮಾಡೋ ಡಾಕ್ಟರ್ ಕೈಗೆ ಕೊಡೋಕೆ ಮುಂಚೆ ಒಂದ್ಸಲ ನೋಡು. ಅದಿಲ್ದೆ ಹೋದ್ರೆ ಈ ಸಲಾನೂ ಗೋತಾ."

ನೋಡಬೇಕಾದ್ದೇನೂ ಇರಲಿಲ್ಲ. ಅದರಲ್ಲಿ ಎರಡರಲ್ಲೊಂದು ಇರುತ್ತದೆ. ತನಗೇನೂ ಗೊತ್ತಿಲ್ಲವೆಂದು ಬರೆದಿದ್ದರೆ ಅರ್ಜಿ ಮುಳುಗಿತು, ಭುಜದ ಶಸ್ತ್ರಚಿಕಿತ್ಸೆಯೂ ಮುಳುಗಿತು, ಲೈಲ್ ಸಾಯುವ ತನಕ ಜುಟ್ಟು ಕಟ್ಟುತ್ತಾನೆ. ಗೊತ್ತಿತ್ತೆಂದು ಬರೆದಿದ್ದರೆ ಅದಕ್ಕಿಂತ ಕೆಟ್ಟದ್ದು. ಕಿಟಕಿಯಾಚೆ ಅಕ್ಟೋಬರದ ಬಿಸಿಲು ಜೋಳದ ಕೂಳೆಗಳ ಮೇಲೆ ಬಿದ್ದಿತ್ತು. ಸೇನೆಯಲ್ಲಿ ಅವಳು ಪ್ಯಾರಾಚೂಟು ಮಡಿಸುತ್ತಿದ್ದ ಆ ಶೆಡ್ಡಿನಲ್ಲೂ ಇಂಥದೇ ಬಿಸಿಲು, ಎತ್ತರದ ಕಿಟಕಿಗಳಿಂದ ಇಳಿದು ಉದ್ದನೆಯ ಮೇಜುಗಳ ಮೇಲೆ ಮಲಗುತ್ತಿತ್ತು. ಮೇಜಿನ ಉದ್ದಕ್ಕೂ ಹಸಿರು ಪ್ಯಾರಾಚೂಟು. ಎರಡೂ ಕೈಯಿಂದ ಜಗ್ಗಿ ಬಿಗಿ ಮಾಡಬೇಕು, ಮಡಿಕೆ ಮೇಲೆ ಮಡಿಕೆ ಇಡಬೇಕು, ಹಗ್ಗಗಳನ್ನು ಒಂದೂ ಸಿಕ್ಕಾಗದ ಹಾಗೆ ಸುತ್ತಬೇಕು, ಚೀಲಕ್ಕೆ ತುಂಬಬೇಕು. ಕೊನೆಗೆ ಚೀಲದ ಜೇಬಿನಲ್ಲಿರುವ ಪುಟ್ಟ ಪುಸ್ತಕದಲ್ಲಿ ಅವಳ ರುಜು. ನ. ಕೊವಾಚ್. ರುಜು ಹಾಕಿದವರು ತಲೆಗೆ ಕೆಂಪು ಟೋಪಿ ಹಾಕಿಕೊಳ್ಳಬಹುದು, ಊಟದ ಕೋಣೆಯಲ್ಲಿ ಬೇರೆಯವರು ದಾರಿ ಬಿಡುತ್ತಾರೆ. ಅದಕ್ಕೆ ಪ್ರತಿಯಾಗಿ ಒಂದು ಕರಾರು: ಯಾವತ್ತು ಬೇಕಾದರೂ ಮೇಲಿನವರು ಬಂದು, ನೀನೇ ಮಡಿಸಿದ್ದನ್ನು ಹೆಗಲಿಗೆ ಏರಿಸಿಕೊಂಡು ವಿಮಾನದಿಂದ ಹಾರು ಎಂದರೆ ಹಾರಬೇಕು. ಅವಳಿಗೆ ಇಪ್ಪತ್ತೆರಡು. ಶೆಡ್ಡಿನಲ್ಲಿ ಹೆಂಗಸರು ಇಬ್ಬರೇ. ಒಂದು ಮಂಗಳವಾರ, ತೊಳೆದ ಪ್ಯಾರಾಚೂಟುಗಳನ್ನು ಒಣಗಿಸುವ ಗೋಪುರದಲ್ಲಿ ಹಗ್ಗ ಜಗ್ಗುತ್ತಿದ್ದಾಗ ಮೇಲೆಲ್ಲೋ ಕೊಕ್ಕೆಗೆ ಸಿಕ್ಕಿಕೊಂಡಿತು. ಯಾರನ್ನಾದರೂ ಕರೆಯಬಹುದಿತ್ತು. ಕರೆದರೆ, ನೋಡ್ರೋ, ಹುಡುಗಿ ಕೈಲಾಗಲ್ಲ, ಎನ್ನುತ್ತಾರೆ. ಮೈಭಾರ ಹಾಕಿ ನೇತಾಡಿದಳು. ಭುಜದೊಳಗೆ ಏನೋ ಲಟಕ್ಕೆಂದಿತು. ಪ್ಯಾರಾಚೂಟು ಮೆತ್ತಗೆ ಅವಳ ತಲೆಯ ಮೇಲೆ ಬಿತ್ತು, ಅದರೊಳಗೆ ಕೂತು ಸ್ವಲ್ಪ ಹೊತ್ತು ಅತ್ತಳು, ಹೊರಗೆ ಬರುವಾಗ ಮುಖ ಒರೆಸಿಕೊಂಡು ಸಿಳ್ಳೆ ಹಾಕುತ್ತ ಬಂದಳು.

"ನಿಂಗೆ ಹೇಳಿದ್ದೆಲ್ಲ ನೆನಪಿದೆ ತಾನೇ?" ಕ್ಲೈಡ್ ಕೇಳುತ್ತಿದ್ದ. ಗಡ್ಡಕ್ಕೆಲ್ಲ ಸಕ್ಕರೆ ಪುಡಿ.

"ಎಲ್ಲಿ ನೋವೋ ಅಲ್ಲಿ ನಿಲ್ಲಿಸು."

"ಆಮೇಲೆ?"

"ಹೇಗಿದೀರಾ ಅಂತ ಕೇಳಿದ್ರೆ ಚೆನ್ನಾಗಿದೀನಿ ಅನ್ನಬೇಡ."

"ಹಾಂ! ಹೋದ ತಿಂಗಳು ಒಬ್ಬನ್ನ ಕರ್ಕೊಂಡು ಹೋಗಿದ್ದೆ. ಎಪ್ಪತ್ತು ವರ್ಷದವನು. ಎರಡೂ ಭುಜ ಹೋಗಿದೆ, ಅಂಗಿ ಹಾಕೋಕೆ ಆಗಲ್ಲ. ಡಾಕ್ಟರು ಏನೋ ತಮಾಷೆಗೆ, ಪರ್ವಾಗಿಲ್ಲ ಗಟ್ಟಿಯಾಗಿದೀರಲ್ಲ ಅಂದ್ರು. ಅಷ್ಟೇ. ಈ ಮಹಾರಾಯ ನೆಲಕ್ಕೆ ಬಿದ್ದು ದಂಡ ಹೊಡೆಯೋಕೆ ಶುರು ಮಾಡಿದ! ಹನ್ನೆರಡು ಹೊಡೆದ. ಹೊರಗೆ ಬಂದು ನನ್ನ ಹತ್ರ ಹೆಮ್ಮೆಯಿಂದ ಹೇಳ್ತಾನೆ, ತೋರಿಸಿಬಿಟ್ಟೆ ಕಣಯ್ಯಾ ಅಂತ." ಕ್ಲೈಡ್ ಸ್ಟಿಯರಿಂಗ್ ಮೇಲೆ ಹಣೆ ಚಚ್ಚಿಕೊಂಡ. "ನಿಮ್ಮಂಥೋರನ್ನ ಕಟ್ಕೊಂಡು ನಾನು ಏಗಬೇಕು."

ನಡೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಆ ಮುದುಕನ ಮೇಲೆ ಅವಳಿಗೆ ಪ್ರೀತಿ ಉಕ್ಕಿತು. ಅವಳಿಗೆ ಅವನು ಪೂರ್ತಿ ಅರ್ಥವಾಗಿದ್ದ. ಕ್ಲೈಡ್‌ಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಮಡಿಸುವವರು ಗಾಯವಾದರೆ ಹೇಳುತ್ತಿರಲಿಲ್ಲ. ಜ್ವರ ಬಂದರೂ ಹೇಳುತ್ತಿರಲಿಲ್ಲ. ಹೇಳಿದರೆ, ಆ ದಿನದಿಂದ ಹಿಂದಕ್ಕೆ ಅವರ ರುಜು ಇದ್ದ ಚೀಲಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಬಿಚ್ಚಿ, ಮತ್ತೆ ಮಡಿಸಬೇಕು. ಮಡಿಸಬೇಕಾದವರು ಪಕ್ಕದ ಮೇಜಿನವರು, ರಜೆಯ ದಿನ, ಬೈದುಕೊಳ್ಳುತ್ತ. ಹಾಗೆ ಬಿಚ್ಚಿಸಿಕೊಂಡವರ ಕೆಂಪು ಟೋಪಿ ತಲೆಯ ಮೇಲಿದ್ದರೂ ಇಲ್ಲದ ಹಾಗೆ. ಅದಕ್ಕೇ ಅವಳು ಆ ವಸಂತವೆಲ್ಲ ಎಡಗೈಯಿಂದ ಜಗ್ಗಿದಳು, ಮೊಣಕಾಲು ಮೇಜಿಗೆ ಕೊಟ್ಟು ಸೊಂಟದಿಂದ ಜಗ್ಗಿದಳು, ಒಂದೊಂದು ಮಡಿಕೆಯನ್ನೂ ಎರಡೆರಡು ಸಲ ನೋಡಿದಳು. ಟ್ರೂಯೆಟ್ ಬಾಯಲ್ಲಿ ಪೆಪ್ಪರ್‌ಮಿಂಟು ಆಡಿಸುತ್ತ ಮೇಜಿನ ತುದಿಗೆ ಬಂದು ನಿಲ್ಲುತ್ತಿದ್ದರು. ಎಲ್ಲಾ ಸರೀನಾ, ಕೊವಾಚ್? ಸರಿ, ಸಾರ್ಜೆಂಟ್. ಒಂದು ದಿನವೂ ತಪ್ಪದೆ ಅದೇ ಪ್ರಶ್ನೆ, ಅದೇ ಸುಳ್ಳು. ಶುಕ್ರವಾರ ಹುಡುಗರು ಹಾರುವಾಗ ಅವಳು ಏನಾದರೂ ನೆಪ ಮಾಡಿಕೊಂಡು ಮೈದಾನದ ಬೇಲಿಗೆ ಹೋಗಿ ನಿಲ್ಲುತ್ತಿದ್ದಳು. ಎಲ್ಲ ತೆರೆದುಕೊಳ್ಳುವ ತನಕ ಉಸಿರಾಡುತ್ತಿರಲಿಲ್ಲ. ಎಲ್ಲವೂ ತೆರೆದವು. ತೆರೆದರೇನು? ತೆರೆಯದೇ ಹೋಗಬಹುದಾಗಿದ್ದ ಒಂದನ್ನು ಬೇರೆಯವರ ಹೆಗಲಿಗೆ ಏರಿಸಿದೆನಲ್ಲ, ಅದೂ ಹುಡುಗರ ಬಾಯಿಗೆ ಹೆದರಿ. ಮೂವತ್ತಾರು ವರ್ಷದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ, ಲೈಲ್‌ಗೂ. ಭುಜ ಸರಿಯಾಗಬೇಕಾದರೆ ಈಗ ಇದನ್ನು ಸರಕಾರದ ಕಾಗದದಲ್ಲಿ ಬರೆಸಬೇಕು.

ಪರೀಕ್ಷೆಯ ಜಾಗ ಆಸ್ಪತ್ರೆಯಲ್ಲ. ಲಾಂಡ್ರಿ ಅಂಗಡಿಗೂ ನಾಯಿಗಳ ಕ್ಷೌರದಂಗಡಿಗೂ ನಡುವೆ ಬಾಡಿಗೆಗೆ ಹಿಡಿದ ಎರಡು ಕೋಣೆ. ಗೋಡೆಯ ಆಚೆಯಿಂದ ಯಾವುದೋ ನಾಯಿ ತನ್ನ ಅಹವಾಲನ್ನು ಹೇಳಿಕೊಳ್ಳುತ್ತಿತ್ತು. ಕೌಂಟರಿನ ಹುಡುಗಿ ಕ್ಲೈಡ್‌ನನ್ನೇ ನೋಡಿ, "ಸಾರ್, ನಿಮ್ಮ ಹೆಸರು? ಯಾವ ಭುಜ?" ಎಂದಳು.

"ನಂದು ಎರಡೂ ಚೆನ್ನಾಗಿದೆ ಕಣಮ್ಮ. ನಾನು ಡ್ರೈವರು. ಸೈನಿಕರು ಇವರು."

"ಓ! ಸಾರಿ ಮೇಡಂ. ನಾನು ಯಜಮಾನರ ಜೊತೆ ಬಂದಿದೀರ ಅಂದ್ಕೊಂಡೆ."

"ಇವನು ಯಜಮಾನ ಆಗಿದ್ರೆ ಭುಜ ಅಲ್ಲ, ತಲೆ ತೋರಿಸೋಕೆ ಬರ್ತಿದ್ದೆ," ಎಂದಳು ನಡೀನ್. ಹುಡುಗಿ ಕಿಸಕ್ಕೆಂದಳು, ಕ್ಲೈಡ್ ಎದೆಯ ಮೇಲೆ ಕೈಯಿಟ್ಟು ಗುಂಡು ತಗುಲಿದವನ ಹಾಗೆ ಕುರ್ಚಿಗೆ ಬಿದ್ದ. ಹುಡುಗಿ ಮಾಡಿದ ಈ ತಪ್ಪು ಅವಳಿಗೆ ಹೊಸದಲ್ಲ. ಮಾಜಿ ಸೈನಿಕರ ದಿನ ಹೋಟೆಲಿನಲ್ಲಿ ಬಿಟ್ಟಿ ಪ್ಯಾನ್‌ಕೇಕ್ ಕೊಡುವಾಗ ಪ್ರತಿ ವರ್ಷ ತಟ್ಟೆ ಲೈಲ್‌ನ ಮುಂದೆ ಬರುತ್ತದೆ. ಜೀವನದಲ್ಲಿ ಏಣಿ ಹತ್ತಲೂ ಹೆದರುವ ಲೈಲ್, ಏನೂ ಹೇಳದೆ ತಿನ್ನುತ್ತಾನೆ.

ಡಾಕ್ಟರ್ ಓಡಮ್ ಚಿಕ್ಕ ವಯಸ್ಸಿನವರು, ಅಂಗಿಯ ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಹೇಳಲೋ ಬೇಡವೋ ಎಂದು ನಡೀನ್ ಯೋಚಿಸುತ್ತಿರುವಾಗಲೇ ಅವರು ಕುರ್ಚಿ ತೋರಿಸಿ, "ಬನ್ನಿ ಬನ್ನಿ, ಹೇಗಿದೀರಾ?" ಎಂದರು.

"ಚೆನ್ನಾಗಿದೀನಿ ಡಾಕ್ಟ್ರೇ."

ಹೋಯಿತು! ಬಾಯಿಂದ ಜಾರಿಯೇ ಹೋಯಿತು. ಗೋಡೆಯಾಚೆ ಕ್ಲೈಡ್ ಹಣೆ ಚಚ್ಚಿಕೊಂಡದ್ದು ಕೇಳಿಸಿತೇನೋ ಎನಿಸಿತು. ನೋವು ಶುರುವಾಗಿದ್ದು ಯಾವಾಗ ಎಂದು ಡಾಕ್ಟರು ಕೇಳಿದರು. ತುಂಬ ಹಿಂದೆ, ಸರಿಯಾಗಿ ನೆನಪಿಲ್ಲ ಎಂದಳು. ಆ ಮಂಗಳವಾರದ ಬಿಸಿಲು, ಗೋಪುರದ ಮೇಲಿದ್ದ ಪಾರಿವಾಳ, ಬಾಯಲ್ಲಿದ್ದ ಬಬಲ್‌ಗಮ್ಮಿನ ರುಚಿ ಎಲ್ಲ ನೆನಪಿದ್ದರೂ. ಅವರು ಎರಡು ಕಡ್ಡಿಗಳಿರುವ ಪ್ಲಾಸ್ಟಿಕ್ಕಿನ ಕೋನಮಾಪಕವನ್ನು ತೆಗೆದು ಅವಳ ಪಕ್ಕ ನಿಂತರು. "ಬಲಗೈನ ಪಕ್ಕದಿಂದ ಮೇಲಕ್ಕೆ ಎತ್ತುತ್ತಾ ಹೋಗಿ. ಎಲ್ಲಿ ನೋವೋ ಅಲ್ಲಿ ನಿಲ್ಲಿಸಿ." ಕೈ ಎದ್ದಿತು. ಭುಜದ ಮಟ್ಟಕ್ಕೆ ಬರುವ ಹೊತ್ತಿಗೆ ನೋವು ತನ್ನ ಹಳೆಯ ಜಾಗದಲ್ಲಿ ಎದ್ದು ಕೂತಿತು, ಇಷ್ಟು ವರ್ಷ ಅಲ್ಲೇ ಬಾಡಿಗೆಗಿದ್ದ ನೆರೆಮನೆಯವರ ಹಾಗೆ. ಇಲ್ಲಿ ನಿಲ್ಲಿಸಬೇಕು. ನಿಲ್ಲಿಸುತ್ತೇನೆ. ಆದರೆ ಡಾಕ್ಟರು, ಮೇಜಿನ ತುದಿಯಲ್ಲಿ ನಿಲ್ಲುತ್ತಿದ್ದ ಟ್ರೂಯೆಟ್‌ರ ಹಾಗೆ, ಪಕ್ಕದಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದರು, ಎಲ್ಲಾ ಸರೀನಾ ಎಂಬ ಪ್ರಶ್ನೆ ಅವಳ ಕಿವಿಯಲ್ಲಿ ಪೆಪ್ಪರ್‌ಮಿಂಟಿನ ವಾಸನೆಯೊಡನೆ ಕೇಳಿಸಿತು. ಸರಿ, ಸಾರ್ಜೆಂಟ್. ಕೈ ಏರಿತು. ಭುಜ ದಾಟಿತು, ಕಿವಿ ದಾಟಿತು, ಸೂರಿನ ಕಡೆ ನೆಟ್ಟಗೆ ನಿಂತಿತು. ಅವಳ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ; ನಗುವನ್ನೂ ಇಟ್ಟುಕೊಂಡಿದ್ದಳು.

"ಅರೆ! ಪರವಾಗಿಲ್ವೇ," ಎಂದು ಡಾಕ್ಟರು ಬರೆದುಕೊಂಡರು. "ಇದೇ ಥರ ಇನ್ನೂ ಮೂರು ಸಲ ಮಾಡಬೇಕು, ಅದು ನಿಯಮ. ಐದು ನಿಮಿಷ ಸುಧಾರಿಸಿಕೊಳ್ಳಿ. ಈ ಪ್ರಿಂಟರು ಬೆಳಿಗ್ಗೆಯಿಂದ ಮುಷ್ಕರ ಹೂಡಿದೆ, ನೋಡಿ ಬರ್ತೀನಿ."

ಅವಳು ಹೊರಗೆ ಬಂದಾಗ ಕ್ಲೈಡ್ ಅವಳ ಮುಖ ನೋಡಿದ. ಬೆವರು ನೋಡಿದ. ಎಡಗೈಯಿಂದ ಬಲಮೊಣಕೈಯನ್ನು ಹಿಡಿದುಕೊಂಡದ್ದು ನೋಡಿದ.

"ಎಷ್ಟು ಎತ್ತಿದೆ?"

ಅವಳು ತಲೆಯೆತ್ತಿ ಸೂರನ್ನು ನೋಡಿದಳು.

"ಸೂರಿಗೆ ಮುಟ್ಟಿಸಿ ಬಂದ್ಯಾ?"

"ಹತ್ತಿರ ಹತ್ತಿರ."

"ಅಯ್ಯೋ ನನ್ ಕರ್ಮವೇ!" ಕ್ಲೈಡ್ ಎಷ್ಟು ಜೋರಾಗಿ ಕೂಗಿದನೆಂದರೆ ಪಕ್ಕದಂಗಡಿಯ ನಾಯಿಯೂ ಸುಮ್ಮನಾಯಿತು. "ದಂಡ ಒಂದು ಹೊಡೀಲಿಲ್ವಲ್ಲ, ಅದೇ ಪುಣ್ಯ! ಯಾಕೆ ನಡೀನ್? ಯಾರಿಗೆ ತೋರಿಸ್ಬೇಕಿತ್ತು?"

ಯಾರಿಗೆ? ಅವಳಿಗೆ ಸಟ್ಟನೆ ದುಃಖ ಬಂತು. ಇಲ್ಲಿ ನೋವು ಎಂದರೆ ಯಾವಾಗಿನಿಂದ ಎನ್ನುತ್ತಾರೆ, ಯಾವಾಗಿನಿಂದ ಎಂದರೆ ಆ ಚೀಲಗಳೆಲ್ಲ ಕಪಾಟಿನಿಂದ ಇಳಿಯುತ್ತವೆ. ಮೂವತ್ತಾರು ವರ್ಷದ ಹಿಂದೆ ಹಾರಿ, ಇಳಿದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡವರ ಹೆಗಲಿನಿಂದ ಚೀಲಗಳು ಇಳಿಯುತ್ತವೆ. "ಕೆಟ್ಟ ಕೈಯಲ್ಲಿ ಮಡಿಸಿ ರುಜು ಹಾಕಿದೀನಿ ಕ್ಲೈಡ್," ಎಂದಳು. "ಆರೇಳು ವಾರ. ಯಾರಿಗೂ ಹೇಳದೆ. ಹುಡುಗರು ಅದನ್ನ ಹಾಕ್ಕೊಂಡು ಹಾರಿದಾರೆ. ಆ ಮನುಷ್ಯನಿಗೆ ಗೊತ್ತಿದ್ರೆ ಅದೇ ಬರೆದಿರ್ತಾರೆ."

ಕ್ಲೈಡ್ ಈ ಸಲ ತಮಾಷೆ ಮಾಡಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಲಕೋಟೆ ತೆಗೆದು ಅವಳ ತೊಡೆಯ ಮೇಲಿಟ್ಟ. ಅವಳು ಹಲ್ಲಿನಿಂದ ಅದರ ಅಂಚು ಹರಿದಳು. ಒಂದೇ ಹಾಳೆ, ದೊಡ್ಡ ದೊಡ್ಡ ಅಕ್ಷರ, ಅದರ ಮಡಿಕೆಗಳು ಅಳೆದು ಇಟ್ಟಷ್ಟು ನೇರ.

'ನಡೀನ್ ಕೊವಾಚ್‌ಳ ಬಲಭುಜ ಸಾವಿರದ ಒಂಬೈನೂರ ಎಂಬತ್ತೆಂಟರ ಏಪ್ರಿಲ್‌ನಲ್ಲಿ, ಗೋಪುರದಲ್ಲಿ ಕೆಲಸ ಮಾಡುವಾಗ ಕೆಟ್ಟಿತು. ಅವತ್ತೇ ನನಗೆ ಗೊತ್ತಾಯಿತು. ಸಿಳ್ಳೆ ಹಾಕುತ್ತ ಹೊರಗೆ ಬಂದಳು. ಅವಳಿಗೆ ಸಿಳ್ಳೆ ಹಾಕಲು ಬರುವುದಿಲ್ಲ. ಅವಳನ್ನು ದವಾಖಾನೆಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಕಳಿಸಿದ್ದರೆ ಅವಳನ್ನು ಮೇಜಿನಿಂದ ತೆಗೆದುಹಾಕುತ್ತಿದ್ದರು, ಆಮೇಲೆ ಯಾವ ಹುಡುಗಿಗೂ ಆ ಮೇಜು ಕೊಡುತ್ತಿರಲಿಲ್ಲ. ಆ ತಪ್ಪು ನನ್ನದು, ಅವಳದಲ್ಲ. ಅವಳ ಒಂದೊಂದು ಮಡಿಕೆಯನ್ನೂ ನಾನು ನಿಂತು ನೋಡಿದ್ದೇನೆ. ಅಷ್ಟು ಸಾಲದೆಂದು, ಅವಳು ಮಡಿಸಿದ್ದರಲ್ಲಿ ಕೈಗೆ ಸಿಕ್ಕ ಒಂದನ್ನು ಶುಕ್ರವಾರ ಶುಕ್ರವಾರ ನಾನೇ ಹೊತ್ತುಕೊಂಡು ಹಾರಿದೆ. ಏಳು ಶುಕ್ರವಾರ. ಏಳೂ ಚೆನ್ನಾಗಿ ತೆರೆದವು. ಈಗ ನನಗೆ ಎಂಬತ್ತೊಂದು, ಎರಡೂ ಮೊಣಕಾಲು ಹೋಗಿವೆ. ಅದಕ್ಕೆ ಕೊವಾಚ್ ಕಾರಣಳಲ್ಲ, ನನ್ನ ಹೆಂಡತಿಯ ಅಡುಗೆ ಕಾರಣ. ಇದೆಲ್ಲ ಸತ್ಯವೆಂದು ರುಜು ಹಾಕಿದ್ದೇನೆ. ಹಾ. ಟ್ರೂಯೆಟ್.'

ಬೇಲಿಯ ಆಚೆ ನಿಂತು ಅವಳು ಉಸಿರು ಹಿಡಿದು ನೋಡುತ್ತಿದ್ದ ಆ ಆಕಾಶದಲ್ಲಿ, ಅಷ್ಟು ಪ್ಯಾರಾಚೂಟುಗಳ ನಡುವೆ, ಒಂದರ ಕೆಳಗೆ ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡ ಒಬ್ಬ ಮನುಷ್ಯ ಇಳಿಯುತ್ತಿದ್ದ. ಎಲ್ಲಾ ಸರೀನಾ, ಕೊವಾಚ್? ಎಂದು ಕೇಳಿ, ಸುಳ್ಳು ಕೇಳಿಸಿಕೊಂಡು, ಹೋಗಿ ಅದನ್ನೇ ಹೆಗಲಿಗೆ ಏರಿಸಿಕೊಂಡಿದ್ದ. ನಡೀನ್ ಕಾಗದವನ್ನು ಮತ್ತೊಮ್ಮೆ ಓದಿದಳು. ಮುದುಕ! ಕಳ್ಳ ಮುದುಕ! ಅವಳಿಗೆ ಅಳು ನಗು ಒಟ್ಟಿಗೇ ಬಂದು, ಎರಡೂ ಹೊರಗೆ ಬರಲು ಜಾಗವಿಲ್ಲದೆ ಬಿಕ್ಕಳಿಕೆಯಾಯಿತು. ಕ್ಲೈಡ್ ಡೋನಟ್ ಡಬ್ಬದ ಕಾಗದದ ಕರವಸ್ತ್ರ ಕೊಟ್ಟ. ಮೂಗು ಒರೆಸಿಕೊಂಡಾಗ ಮೂಗಿಗೆಲ್ಲ ಸಕ್ಕರೆಯಾಯಿತು.

"ನಿಂಗೆ ಸಿಳ್ಳೆ ಹಾಕೋಕೂ ಬರಲ್ವಾ?" ಎಂದ ಕ್ಲೈಡ್. ಅವನ ದನಿಯೂ ಸರಿಯಾಗಿರಲಿಲ್ಲ.

"ಮುಚ್ಕೊಂಡಿರೋ ಹಡಗಿನವನೇ."

ಒಳಗೆ ಡಾಕ್ಟರು ಪ್ರಿಂಟರಿನೊಡನೆ ರಾಜಿಯಾಗಿ ಬಂದಿದ್ದರು. ನಡೀನ್ ಕಾಗದವನ್ನು ಅವರ ಮೇಜಿನ ಮೇಲಿಟ್ಟಳು. "ಡಾಕ್ಟ್ರೇ, ಎರಡು ತಪ್ಪು ಹೇಳಿದೀನಿ. ಯಾವಾಗ ಆಯ್ತು ಅಂತ ನಂಗೆ ಚೆನ್ನಾಗಿ ನೆನಪಿದೆ. ಇದರಲ್ಲಿರೋ ತಿಂಗಳೇ. ಮಂಗಳವಾರ, ಮಧ್ಯಾಹ್ನ ಊಟಕ್ಕೆ ಮುಂಚೆ. ಆಮೇಲೆ, ಆಗ ಕೈ ಎತ್ತಿದೆನಲ್ಲ, ಅದು ನೋವು ನುಂಗ್ಕೊಂಡು ಎತ್ತಿದ್ದು. ನಿಮ್ಮ ಅಂಗಿ ಮೇಲೆ ಮಗು ಹಾಲು ಕಕ್ಕಿದೆ, ಅದನ್ನೂ ಹೇಳ್ಬೇಕಿತ್ತು."

ಡಾಕ್ಟರು ತಮ್ಮ ಭುಜವನ್ನು ನೋಡಿಕೊಂಡು ಕೆಂಪಾದರು. ಕಾಗದವನ್ನು ನಿಧಾನವಾಗಿ ಓದಿದರು. ಓದಿ ಮುಗಿಸಿ, ತಮ್ಮ ಟಿಪ್ಪಣಿಯ ಹಿಂದಿನ ಪುಟ ತಿರುವಿ, ಬರೆದದ್ದರ ಪಕ್ಕದಲ್ಲಿ ಇನ್ನೇನೋ ಸೇರಿಸಿದರು. ಆಮೇಲೆ ಕೋನಮಾಪಕ ಹಿಡಿದು ಬಂದು ನಿಂತರು.

"ಶುರು ಮಾಡೋಣ್ವಾ ಮೇಡಂ?"

ಕೈ ಎದ್ದಿತು. ಸೊಂಟ ಬಿಟ್ಟಿತು, ಪಕ್ಕೆಲುಬು ದಾಟಿತು. ಭುಜದ ಮಟ್ಟಕ್ಕೆ ಬರುವ ಮುಂಚೆಯೇ ಆ ಹಳೆಯ ಬಾಡಿಗೆದಾರ ಬಾಗಿಲು ತೆಗೆದ. ನಡೀನ್ ನಿಲ್ಲಿಸಿದಳು. ಗಾಳಿಯಲ್ಲಿ ಅಡ್ಡಡ್ಡ ಚಾಚಿದ ಕೈ ಸಣ್ಣಗೆ ನಡುಗುತ್ತಿತ್ತು, ಅದು ನಡುಗುವುದನ್ನು ಇನ್ನೊಬ್ಬರು ನೋಡುತ್ತಿದ್ದರು, ಅದರಿಂದ ಏನೂ ಆಗಲಿಲ್ಲ.

"ಇಲ್ಲಿ," ಎಂದಳು. "ಇಲ್ಲಿ ನೋಯುತ್ತೆ."

ಡಾಕ್ಟರು ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಅವಳ ತೋಳಿಗೆ ಒತ್ತಿ ಹಿಡಿದು ಬಗ್ಗಿ ನೋಡಿದರು. "ಇನ್ನೂ ಸ್ವಲ್ಪ ಎತ್ತೋಕೆ ಆಗುತ್ತಾ?"

"ಆಗುತ್ತೆ," ಎಂದಳು ನಡೀನ್, ಸೊಟ್ಟ ಜುಟ್ಟನ್ನು ಒಮ್ಮೆ ಒದರಿ. "ಆದ್ರೆ ಎತ್ತಲ್ಲ."